ಹುಲಿ ಕೊಂದ ಬೇಟೆಗಾರ

‘ಹುಲಿ ಕೊಂದ ಬೇಟೆಗಾರ’. ಸತ್ತದ್ದು ಯಾರು? ಪತ್ರಿಕೆಯ ತಲೆಬರಹದಲ್ಲಿ ಇಷ್ಟೇ ಇದ್ದರೆ ಒಳಗಿನ ಸುದ್ದಿ ಓದುವ ತನಕ ತಿಳಿಯುವುದಿಲ್ಲ. ಹುಲಿ ಬೇಟೆಗಾರನನ್ನು ಕೊಂದಿರಬಹುದು, ಬೇಟೆಗಾರ ಹುಲಿಯನ್ನು ಕೊಂದಿರಬಹುದು. ಕನ್ನಡ ವ್ಯಾಕರಣದ ಪ್ರಕಾರ ಎರಡೂ ಸರಿ.

ಪೂರ್ತಿ ವಾಕ್ಯವಾಗಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ‘ಕೊಂದಿತು’ ಅಂದರೆ ಕೊಂದದ್ದು ಹುಲಿ, ‘ಕೊಂದನು’ ಅಂದರೆ ಬೇಟೆಗಾರ. ಕ್ರಿಯಾಪದದ ಬಾಲದಲ್ಲೇ ಉತ್ತರ ಇದೆ. ಆದರೆ ಅದೇ ಕ್ರಿಯಾಪದ ನಾಮಪದದ ಮುಂದೆ ವಿಶೇಷಣವಾಗಿ ನಿಂತಾಗ ಆ ಬಾಲ ಕತ್ತರಿಸಿಹೋಗುತ್ತದೆ. ಶಾಲೆಯಲ್ಲಿ ‘ಕೃದಂತನಾಮ’ ಎಂದು ಕಲಿತದ್ದು ಇದನ್ನೇ: ಮಾಡುವ, ಮಾಡಿದ, ಮಾಡದ. ಈ ಮೂರು ರೂಪಗಳು ಕಾಲವನ್ನೋ ನಿಷೇಧವನ್ನೋ ಹೇಳುತ್ತವೆ. ಲಿಂಗ, ವಚನ, ಪುರುಷ ಹೇಳುವುದಿಲ್ಲ. ಮುಂದೆ ಬರುವ ನಾಮಪದ ಆ ಕೆಲಸ ಮಾಡಿದ್ದೋ, ಮಾಡಿಸಿಕೊಂಡದ್ದೋ, ಆ ಕೆಲಸಕ್ಕೆ ಬಳಸಿದ್ದೋ ಎಂಬುದನ್ನಂತೂ ಹೇಳುವುದೇ ಇಲ್ಲ. ಅದನ್ನು ಓದುಗ ತನ್ನ ಲೋಕಜ್ಞಾನದಿಂದ ತುಂಬಿಕೊಳ್ಳಬೇಕು. ‘ನಾಯಿ ಕಚ್ಚಿದ ಹುಡುಗ’ ಎಂದಾಗ ಯಾರೂ ತಡವರಿಸುವುದಿಲ್ಲ, ಏಕೆಂದರೆ ಹುಡುಗರು ನಾಯಿಗಳನ್ನು ಕಚ್ಚುವುದು ಅಪರೂಪ. ಹುಲಿ ಮತ್ತು ಬೇಟೆಗಾರನ ನಡುವೆ ಮಾತ್ರ ಯಾರು ಯಾರನ್ನು ಬೇಕಾದರೂ ಕೊಲ್ಲಬಹುದು.

ತಮಿಳಿನ ‘ಪುಲಿ ಕೊನ್ಱ ವೇಟ್ಟೈಕ್ಕಾರನ್’, ತೆಲುಗಿನ ‘ಪುಲಿ ಚಂಪಿನ ವೇಟಗಾಡು’ ಎರಡರಲ್ಲೂ ಇದೇ ಕಥೆ. ದ್ರಾವಿಡ ಮನೆತನದ ಗುಣ ಎನ್ನಬಹುದು. ಹಾಗಾದರೆ ಬೇರೆ ಭಾಷೆಗಳು ಈ ಹುಲಿಯನ್ನು ಹೇಗೆ ನಿಭಾಯಿಸುತ್ತವೆ?

ಜಪಾನಿ ಭಾಷೆಯ ಪದಕ್ರಮ ಹೆಚ್ಚುಕಡಿಮೆ ಕನ್ನಡದ್ದೇ. ‘ತೊರಾ ಒ ಕೊರೊಶಿತಾ ರ್‍ಯೋಶಿ’ ಎಂದರೆ ಹುಲಿಯನ್ನು ಕೊಂದ ಬೇಟೆಗಾರ, ‘ತೊರಾ ಗಾ ಕೊರೊಶಿತಾ ರ್‍ಯೋಶಿ’ ಎಂದರೆ ಹುಲಿಯೇ ಕೊಂದ ಬೇಟೆಗಾರ. ಕ್ರಿಯಾಪದ ಎರಡರಲ್ಲೂ ಒಂದೇ, ವ್ಯತ್ಯಾಸ ಪೂರ್ತಿ ‘ಒ’ ಮತ್ತು ‘ಗಾ’ ಎಂಬ ಪುಟ್ಟ ಪ್ರತ್ಯಯಗಳಲ್ಲಿದೆ. ತುರ್ಕಿ ಭಾಷೆ ಇನ್ನೂ ಜಾಗರೂಕ, ಕ್ರಿಯಾಪದವನ್ನೇ ಎರಡು ರೂಪಗಳಾಗಿ ಒಡೆಯುತ್ತದೆ. ಬೇಟೆಗಾರನೇ ಕರ್ತೃವಾದರೆ ‘ಕಪ್ಲಾನಿ ಒಲ್ದುರೆನ್ ಅವ್ಜಿ’. ಹುಲಿ ಕರ್ತೃವಾದರೆ ‘ಕಪ್ಲಾನಿನ್ ಒಲ್ದುರ್ದೂ ಅವ್ಜಿ’, ಅಕ್ಷರಶಃ ‘ಹುಲಿಯ ಕೊಂದಿರುವಿಕೆಯ ಬೇಟೆಗಾರ’ ಅನ್ನುವ ಹಾಗೆ, ಹುಲಿಗೆ ಷಷ್ಠೀ ವಿಭಕ್ತಿ ಹಾಕಿ. ಇಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ.

ಹಿಂದಿಯಲ್ಲಿ ಹೊಣೆ ‘ಜೋ’ ಪದದ ಮೇಲೆ, ‘ನೇ’, ‘ಕೋ’ ಸೇರಿದಾಗ ಅದು ‘ಜಿಸ್’ ಆಗುತ್ತದೆ. ‘ಜಿಸ್ ಶಿಕಾರೀ ನೇ ಬಾಘ್ ಕೋ ಮಾರಾ’ ಎಂದರೆ ಸತ್ತದ್ದು ಹುಲಿ, ‘ಜಿಸ್ ಶಿಕಾರೀ ಕೋ ಬಾಘ್ ನೇ ಮಾರಾ’ ಎಂದರೆ ಸತ್ತದ್ದು ಬೇಟೆಗಾರ. ಇಂಗ್ಲಿಷ್ ಪದಕ್ರಮವನ್ನೇ ನಂಬಿಕೊಂಡಿದೆ: ‘ದಟ್ ಕಿಲ್ಡ್ ದ ಟೈಗರ್’ ಬೇರೆ, ‘ದಟ್ ದ ಟೈಗರ್ ಕಿಲ್ಡ್’ ಬೇರೆ. ಜರ್ಮನ್‌ನಲ್ಲಿ ಕರ್ತೃವಿಗೆ ‘ದೆರ್’, ಕರ್ಮಕ್ಕೆ ‘ದೆನ್’. ಆದರೆ ಅದು ಪುಲ್ಲಿಂಗಕ್ಕೆ ಮಾತ್ರ. ಸ್ತ್ರೀಲಿಂಗದಲ್ಲಿ ಪ್ರಥಮಾ, ದ್ವಿತೀಯಾ ಎರಡೂ ‘ದೀ’ ಆಗುವುದರಿಂದ ‘ದೀ ಫ್ರೌ, ದೀ ದೀ ಕಾಟ್ಸೆ ಗೆಬಿಸ್ಸೆನ್ ಹಾಟ್’ ಎಂದರೆ ಬೆಕ್ಕು ಕಚ್ಚಿದ ಹೆಂಗಸೂ ಹೌದು, ಬೆಕ್ಕನ್ನು ಕಚ್ಚಿದ ಹೆಂಗಸೂ ಹೌದು. ವಿಭಕ್ತಿಗಳ ಬಗ್ಗೆ ಅಷ್ಟು ಶಿಸ್ತಿನ ಹೆಸರಿರುವ ಭಾಷೆಯೂ ಇಲ್ಲಿ ಕನ್ನಡದ ಸಾಲಿಗೇ ಬಂದು ನಿಲ್ಲುತ್ತದೆ.

ಚೀನಿಯರದು ಬೇರೆಯೇ ತೊಡಕು. ಆ ಭಾಷೆಯಲ್ಲಿ ಕರ್ಮ ಕ್ರಿಯಾಪದದ ನಂತರ ಬರುತ್ತದೆ, ಆದರೆ ವಿಶೇಷಣವಾಕ್ಯ (ನಮ್ಮ ‘ಹುಲಿ ಕೊಂದ’ ಎಂಬಂಥ ಭಾಗ) ನಾಮಪದಕ್ಕಿಂತ ಮೊದಲು ಬರುತ್ತದೆ. ಜಗತ್ತಿನಲ್ಲಿ ಈ ಜೋಡಿ ತೀರಾ ವಿರಳ. ಮೇಲಾಗಿ ‘ದ’ ಎಂಬ ಒಂದೇ ಅವ್ಯಯ ನಮ್ಮ ಷಷ್ಠಿಯ ಕೆಲಸವನ್ನೂ ಕೃದಂತದ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ‘ಯಾವ್ ಸ್ಸ ಲ ಲ್ಯೆರೆನ್ ದ ಗೋ’ ಎಂಬ ವ್ಯಾಕರಣ ಪಾಠಗಳ ಪ್ರಸಿದ್ಧ ಉದಾಹರಣೆಯನ್ನು ‘ಬೇಟೆಗಾರನ ನಾಯಿಯನ್ನು ಕಚ್ಚಿ ಕೊಂದಿತು’ ಎಂದೂ ಓದಬಹುದು, ‘ಬೇಟೆಗಾರನನ್ನು ಕಚ್ಚಿ ಕೊಂದ ನಾಯಿ’ ಎಂದೂ ಓದಬಹುದು. ಅಲ್ಲೂ ಸಂಕಟಕ್ಕೆ ಸಿಕ್ಕವನು ಬೇಟೆಗಾರನೇ!

ಕನ್ನಡಕ್ಕೆ ಮರಳೋಣ. ನಮಗೂ ಜಪಾನಿಯ ‘ಒ’ಗೆ ಸಮನಾದ ಪ್ರತ್ಯಯ ಇದೆ: ‘ಅನ್ನು’. ಮನುಷ್ಯವಾಚಕಗಳಿಗೆ ಅದು ಬೇಕೇ ಬೇಕು, ‘ಕಳ್ಳನನ್ನು ಹಿಡಿದ’ ಎಂದೇ ಹೇಳಬೇಕು. ಜಡವಸ್ತುಗಳಿಗೆ ಇದ್ದರೂ ಆದೀತು, ಬಿಟ್ಟರೂ ಆದೀತು: ಪುಸ್ತಕ ಓದಿದ, ಮನೆ ಕಟ್ಟಿದ. ಪ್ರಾಣಿಗಳು ಈ ಎರಡರ ಮಧ್ಯೆ ತೂಗಾಡುತ್ತವೆ, ತಲೆಬರಹಗಳು ಎಡವುವುದು ಅಲ್ಲೇ. ಕರ್ತೃವೂ ಕರ್ಮವೂ ಎರಡೂ ಜೀವವಿರುವವು, ಎರಡೂ ಆ ಕೆಲಸ ಮಾಡಬಲ್ಲವು ಅಂದಾಗ ‘ಅನ್ನು’ ಬಿಡಬೇಡಿ. ‘ಹುಲಿಯನ್ನು ಕೊಂದ ಬೇಟೆಗಾರ’ ಎಂಬುದು ಪೂರ್ತಿ ಸ್ಪಷ್ಟ. ತಿರುಗುಮುರುಗು ಅರ್ಥ ಬೇಕಾದರೆ ಕೃದಂತವನ್ನೇ ಬದಲಿಸಿ: ‘ಹುಲಿಗೆ ಬಲಿಯಾದ ಬೇಟೆಗಾರ’. ‘ಹುಲಿಯಿಂದ ಕೊಲ್ಲಲ್ಪಟ್ಟ’ ಎಂದು ಬರೆಯುವ ಗತಿ ನಮಗೆ ಬಂದಿಲ್ಲ.

ಕೃದಂತ ಬಾಯಿ ಬಿಡದಿದ್ದರೂ ಎಷ್ಟು ಬಗೆಯ ಸಂಬಂಧಗಳನ್ನು ಹೊತ್ತೀತು ಎಂಬುದನ್ನು ಒಂದಿಷ್ಟು ನೋಡಬೇಕು. ಪುಸ್ತಕ ಓದಿದ ಹುಡುಗಿ (ಕರ್ತೃ), ಹುಡುಗಿ ಓದಿದ ಪುಸ್ತಕ (ಕರ್ಮ), ನಾನು ಪುಸ್ತಕ ಕೊಟ್ಟ ಹುಡುಗಿ (ಯಾರಿಗೆ), ಅಮ್ಮ ತರಕಾರಿ ಹೆಚ್ಚಿದ ಚಾಕು (ಯಾವುದರಿಂದ), ನಾವು ಇದ್ದ ಮನೆ (ಎಲ್ಲಿ), ನೀರು ಸೇದಿದ ಬಾವಿ (ಎಲ್ಲಿಂದ), ಕಾಲು ಮುರಿದ ಕುರ್ಚಿ (ಯಾವುದರ). ಇಂಗ್ಲಿಷ್‌ನಲ್ಲಿ ಇವುಗಳಲ್ಲಿ ಹಲವಕ್ಕೆ ‘ಟು’, ‘ವಿತ್’, ‘ಇನ್’ ಥರದ ಬೇರೆ ಬೇರೆ ಪದ ಬೇಕು. ನಾವು ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತೇವೆ.

1977ರಲ್ಲಿ ಎಡ್ವರ್ಡ್ ಕೀನನ್ ಮತ್ತು ಬರ್ನಾರ್ಡ್ ಕಾಮ್ರಿ ಎಂಬ ಭಾಷಾವಿಜ್ಞಾನಿಗಳು ಹಲವಾರು ಭಾಷೆಗಳನ್ನು ಹೋಲಿಸಿ ಇಂಥ ಸಂಬಂಧಗಳಿಗೆ ಒಂದು ಏಣಿ ಕಟ್ಟಿದರು. ಮೇಲಿನ ಮೆಟ್ಟಿಲು ಕರ್ತೃ, ಆಮೇಲೆ ಕರ್ಮ, ಸಂಪ್ರದಾನ (ಯಾರಿಗೆ), ಕರಣ-ಅಧಿಕರಣದಂಥವು (ಯಾವುದರಿಂದ, ಎಲ್ಲಿ), ಷಷ್ಠಿ (ಯಾವುದರ), ಕೊನೆಗೆ ಹೋಲಿಕೆಯ ವಸ್ತು (ಯಾವುದಕ್ಕಿಂತ). ಭಾಷೆಯೊಂದು ಕರ್ತೃವಿಗೆ ಬಳಸುವ ವಿಧಾನದಿಂದಲೇ ಕೆಳಗಿನ ಮೆಟ್ಟಿಲಿಗೆ ಇಳಿಯಿತೆಂದರೆ ನಡುವಿನ ಮೆಟ್ಟಿಲುಗಳನ್ನೂ ಅದೇ ವಿಧಾನ ಮುಟ್ಟುತ್ತದೆ ಎಂಬುದು ಅವರ ವಾದ. ಮಡಗಾಸ್ಕರ್‌ನ ಮಲಗಾಸಿ ಭಾಷೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ: ‘ಹೆಂಗಸು ಒಗೆದ ಬಟ್ಟೆ’ ಎಂದು ಹೇಳಬೇಕಾದರೆ ಮೊದಲು ಕ್ರಿಯಾಪದದ ರೂಪ ಬದಲಿಸಿ ಬಟ್ಟೆಯನ್ನೇ ಕರ್ತೃವಿನ ಸ್ಥಾನಕ್ಕೆ ಏರಿಸಬೇಕು.

ಕನ್ನಡ ಏಣಿಯಲ್ಲಿ ಸಾಕಷ್ಟು ಕೆಳಗಿಳಿಯುತ್ತದೆ, ಆದರೆ ಅಲ್ಲಲ್ಲಿ ಮೆಟ್ಟಿಲು ಮುರಿದಿದೆ. ‘ಜೊತೆ’ಯನ್ನು ಕೃದಂತ ಹೊರಲಾರದು. ‘ನಾನು ಸಿನಿಮಾಕ್ಕೆ ಹೋದ ಗೆಳೆಯ’ ಎಂದರೆ ಏನೂ ಆಗುವುದಿಲ್ಲ. ಪರಿಹಾರ ಸುಲಭ, ಗೆಳೆಯನನ್ನು ಕರ್ತೃ ಮಾಡಿ: ‘ನನ್ನ ಜೊತೆ ಸಿನಿಮಾಕ್ಕೆ ಬಂದ ಗೆಳೆಯ’. ‘ನಾನು ಮಾತಾಡಿದ ಹುಡುಗಿ’ ಕುಂಟುತ್ತದೆ, ‘ನಾನು ಮಾತಾಡಿಸಿದ ಹುಡುಗಿ’ ಸಲೀಸಾಗಿ ನಡೆಯುತ್ತದೆ. ‘ಇಸು’ ಸೇರಿದ ಕೂಡಲೇ ಹುಡುಗಿ ಕರ್ಮವಾಗಿ ಎರಡನೇ ಮೆಟ್ಟಿಲಿಗೆ ಬಂದಳು. ಹೋಲಿಕೆಯದ್ದೂ ಹಾಗೆಯೇ: ರಮೇಶ ಯಾವ ಹುಡುಗನಿಗಿಂತ ಎತ್ತರವೋ ಆ ಹುಡುಗ ಎಂದು ಸುತ್ತಿ ಬಳಸುವ ಬದಲು ‘ರಮೇಶನಿಗಿಂತ ಗಿಡ್ಡ ಇರುವ ಹುಡುಗ’. ‘ಬಗ್ಗೆ’ ಇದ್ದಾಗ ಮಾತ್ರ ಈ ತಿರುಗಿಸುವ ಉಪಾಯ ಪ್ರತಿಸಲ ಸಿಗುವುದಿಲ್ಲ. ‘ನಾನು ಲೇಖನ ಬರೆದ ಕವಿ’ ತಪ್ಪು ಅರ್ಥಕ್ಕೆ ಜಾರುತ್ತದೆ, ಅಲ್ಲಿ ‘ಯಾರ ಬಗ್ಗೆ ಲೇಖನ ಬರೆದೆನೋ ಆ ಕವಿ’ ಎಂಬ ಯಾ-ಆ ಜೋಡಿಯೇ ಗತಿ. ಈ ಜೋಡಿ ಸಂಸ್ಕೃತದ ‘ಯಃ-ಸಃ’ ನೆರಳು ಎನ್ನುವವರಿದ್ದಾರೆ, ದ್ರಾವಿಡದ್ದೇ ಆಸ್ತಿ ಎನ್ನುವವರೂ ಇದ್ದಾರೆ. ಅದೇನಿದ್ದರೂ ಕೃದಂತ ಸೋತಾಗ ಕೈಹಿಡಿಯುವುದು ಅದೇ, ಅದನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಕೃದಂತ ಸಾಕಾಗುವಲ್ಲಿ ‘ಯಾವ ಪುಸ್ತಕವನ್ನು ನಾನು ಓದಿದೆನೋ ಆ ಪುಸ್ತಕ’ ಎಂದು ಎಳೆಯುವುದು ಮಾತ್ರ ಬೇಡ.

ಇನ್ನು ‘ಮೀನು ಹುರಿಯುವ ವಾಸನೆ’. ಇಲ್ಲಿ ವಾಸನೆ ಯಾವ ಮೆಟ್ಟಿಲು? ವಾಸನೆ ಮೀನು ಹುರಿಯುವುದಿಲ್ಲ, ವಾಸನೆಯನ್ನು ಯಾರೂ ಹುರಿಯುವುದಿಲ್ಲ, ವಾಸನೆಯಿಂದ, ವಾಸನೆಗೆ, ವಾಸನೆಯಲ್ಲಿ, ಯಾವುದೂ ಕೂಡದು. ಏಣಿಯ ಮೇಲೆಲ್ಲೂ ಇದಕ್ಕೆ ಜಾಗವಿಲ್ಲ. ಆದರೂ ಕನ್ನಡಿಗರಿಗೆ ಇದು ಕ್ಷಣಕ್ಕೆ ಅರ್ಥವಾಗುತ್ತದೆ. ‘ಬಾಗಿಲು ತಟ್ಟಿದ ಸದ್ದು’ ಕೂಡ ಇದೇ ಜಾತಿ. ಜಪಾನಿಯರೂ ಥೇಟ್ ಹೀಗೆಯೇ ‘ಸಕಾನಾ ಒ ಯಾಕು ನಿಯೊಇ’ ಎನ್ನುತ್ತಾರೆ: ಮೀನನ್ನು ಸುಡುವ ವಾಸನೆ. ಇಂಗ್ಲಿಷ್‌ನ ‘ವಿಚ್’ಗೆ ಇದು ಆಗದು, ಅದು ತನ್ನ ವಾಕ್ಯದೊಳಗೆ ಒಂದು ಖಾಲಿ ಜಾಗ ಹುಡುಕುತ್ತದೆ. ಕೃದಂತಕ್ಕೆ ಖಾಲಿ ಜಾಗವೇ ಬೇಡ, ಎರಡು ವಿಷಯಗಳ ನಡುವೆ ಏನೋ ನಂಟಿದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಬೇಟೆಗಾರನನ್ನು ಕಾಡಿದ ಗುಣವೇ ಇಲ್ಲಿ ಉಪಕಾರಕ್ಕೆ ಬಂದಿದೆ. ‘ಬಂದಾಗ’, ‘ಬಂದ ಮೇಲೆ’, ‘ಬರುವ ಮುಂಚೆ’ ಎಲ್ಲವೂ ಕೃದಂತದಿಂದಲೇ ಹುಟ್ಟಿದವು ಎಂಬುದನ್ನು ನೆನೆದರೆ ನಮ್ಮ ವಾಕ್ಯರಚನೆಯ ಎಷ್ಟು ಭಾರ ಇದರ ಹೆಗಲ ಮೇಲಿದೆ ಎಂದು ತಿಳಿಯುತ್ತದೆ.

ಅನುವಾದ ಮಾಡುವವರಿಗೆ ಇದರಿಂದ ಹುಟ್ಟುವ ಕಷ್ಟಗಳು ಬೇರೆ. ಇಂಗ್ಲಿಷ್ ವಾಕ್ಯ ಬಲಕ್ಕೆ ಬೆಳೆಯುತ್ತದೆ: ನಾನು ಕಾರು ನೋಡಿದೆ, ಅದನ್ನು ಮಾರಿದ್ದು ಒಬ್ಬ ಹೆಂಗಸು, ಅವಳು ಮನೆ ಕೊಂಡಿದ್ದಳು, ಆ ಮನೆ ಕಟ್ಟಿಸಿದ್ದು ನನ್ನ ಮಾವ. ಇದನ್ನು ಹಾಗೇ ಎತ್ತಿ ‘ನಾನು ನನ್ನ ಮಾವ ಕಟ್ಟಿಸಿದ ಮನೆಯನ್ನು ಕೊಂಡ ಹೆಂಗಸು ಮಾರಿದ ಕಾರನ್ನು ನೋಡಿದೆ’ ಎಂದರೆ ಓದುಗ ‘ನಾನು ನನ್ನ ಮಾವ’ ಎಂಬಲ್ಲೇ ಮುಗ್ಗರಿಸುತ್ತಾನೆ. ಮೊದಲ ಪದವಾದ ‘ನಾನು’ ತನ್ನ ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯ ತನಕ ಕಾಯಬೇಕು, ನಡುವೆ ಇನ್ನಿಬ್ಬರು ಕರ್ತೃಗಳು ಬಂದು ಹೋಗುತ್ತಾರೆ. ‘ನಾನು’ವನ್ನು ಅದರ ಕ್ರಿಯಾಪದದ ಪಕ್ಕಕ್ಕೆ ತಂದರೆ ಸಾಕು: ‘ನನ್ನ ಮಾವ ಕಟ್ಟಿಸಿದ ಮನೆಯನ್ನು ಕೊಂಡ ಹೆಂಗಸು ಮಾರಿದ ಕಾರನ್ನು ನಾನು ನೋಡಿದೆ’. ಪದಗಳು ಅವೇ, ಓದು ಸರಾಗ. ಅನುವಾದಿಸುವಾಗ ಇಂಗ್ಲಿಷ್ ವಾಕ್ಯದ ಕ್ರಿಯಾಪದಗಳಿಗೆ ಗೆರೆ ಎಳೆದು ಕೊನೆಯದರಿಂದ ಶುರುಮಾಡಿ. ಕಟ್ಟಿಸಿದ, ಕೊಂಡ, ಮಾರಿದ, ನೋಡಿದೆ ಎಂದು ಘಟನೆಗಳೂ ಕಾಲಕ್ರಮದಲ್ಲಿ ಕೂರುತ್ತವೆ.

ಆದರೆ ಈ ಉಪಾಯವನ್ನು ಕಣ್ಣು ಮುಚ್ಚಿ ಬಳಸಿದರೆ ಪೇಚು. ಇಂಗ್ಲಿಷ್‌ನಲ್ಲಿ ಅಲ್ಪವಿರಾಮ ಹಾಕಿ ‘ವಿಚ್’ ಬಂದರೆ ಅದು ಗುರುತು ಹೇಳುವ ಮಾತಲ್ಲ, ಮುಂದಿನ ಸುದ್ದಿ. ಮಂತ್ರಿಗಳು ಸೇತುವೆ ಉದ್ಘಾಟಿಸಿದರು, ಅದು ಎರಡು ವಾರದ ನಂತರ ಕುಸಿಯಿತು ಎಂಬ ವಾಕ್ಯವನ್ನು ಕೃದಂತ ಮಾಡಿದರೆ ಹೀಗಾಗುತ್ತದೆ: ‘ಎರಡು ವಾರದ ನಂತರ ಕುಸಿದ ಸೇತುವೆಯನ್ನು ಮಂತ್ರಿಗಳು ಉದ್ಘಾಟಿಸಿದರು’. ಕುಸಿದು ಬಿದ್ದದ್ದಕ್ಕೇ ಟೇಪು ಕತ್ತರಿಸಿದ ಹಾಗಾಯಿತು. ‘ವಿಚ್’ ಭಾಗವನ್ನು ಕಿತ್ತುಹಾಕಿದರೂ ಯಾವ ಸೇತುವೆ ಎಂದು ಗೊತ್ತಾಗುವುದಾದರೆ ಅದನ್ನು ಬೇರೆ ವಾಕ್ಯ ಮಾಡಿ. ಜರ್ಮನ್‌ನಿಂದ ಅನುವಾದಿಸುವವರಿಗೆ ಅಲ್ಪವಿರಾಮದ ಸುಳಿವೂ ಇಲ್ಲ, ಆ ಭಾಷೆ ಎರಡೂ ಬಗೆಗೆ ಅಲ್ಪವಿರಾಮ ಹಾಕುತ್ತದೆ.

ನಿಷೇಧರೂಪಕ್ಕೆ ಕಾಲವಿಲ್ಲ ಎಂಬುದನ್ನೂ ನೋಟಿಸು ಬರೆಯುವವರು ಗಮನಿಸಬೇಕು. ‘ತೆರಿಗೆ ಕಟ್ಟದ ಮನೆಗಳು’ ಎಂದರೆ ಈವರೆಗೆ ಕಟ್ಟಿಲ್ಲದವೋ, ಮುಂದೆ ಕಟ್ಟದೇ ಹೋಗುವವೋ? ಅಂದು ಬಾಕಿ ಇತ್ತು ಎನ್ನಲು ‘ಕಟ್ಟದಿದ್ದ’, ಇಂದಿಗೂ ಇದೆ ಎನ್ನಲು ‘ಕಟ್ಟದೇ ಇರುವ’, ಮುಂದಿನ ಮಾತಾದರೆ ‘ಮಾರ್ಚ್ 31ರೊಳಗೆ ಕಟ್ಟದಿದ್ದರೆ’ ಎಂದು ಬಿಡಿಸಿ ಬರೆಯಬೇಕು.

ಕಡೆಯದಾಗಿ ‘ಆ’. ‘ಆ ಅಂಗಡಿಯಲ್ಲಿ ಕೊಂಡ ಪುಸ್ತಕ’ ಎಂದರೆ ‘ಆ’ ಅಂಗಡಿಗೆ ಸೇರಿದ್ದೋ ಪುಸ್ತಕಕ್ಕೋ? ಓದುಗ ಅದನ್ನು ಹತ್ತಿರದ ಅಂಗಡಿಗೇ ಅಂಟಿಸುತ್ತಾನೆ. ಪುಸ್ತಕವನ್ನು ತೋರಿಸಬೇಕಾದರೆ ಕೃದಂತ ಮುಗಿದ ಮೇಲೆ ‘ಆ’ ತನ್ನಿ: ‘ಅಂಗಡಿಯಲ್ಲಿ ಕೊಂಡ ಆ ಪುಸ್ತಕ’. ಸಂಖ್ಯೆ, ಗುಣವಾಚಕ ಇದ್ದರೆ ಅವೂ ಅದರ ಹಿಂದೆಯೇ: ‘ಅಂಗಡಿಯಲ್ಲಿ ಕೊಂಡ ಆ ಮೂರು ಹಳೆಯ ಪುಸ್ತಕಗಳು’. ಮಾತಿನಲ್ಲಾದರೆ ‘ಆ’ ಎಂದು ಎಳೆದು, ಒಂದು ಗಳಿಗೆ ನಿಂತು, ಕೈ ತೋರಿಸಿ ದಾಟಿಬಿಡಬಹುದು.