ಗುಲಾಬ್‌ರಾಯ್‌ನಲ್ಲಿ ಇಳಿಯಿರಿ

ಬದರಿಗೆ ಹೋಗುವ ಬಸ್ಸುಗಳು ಗುಲಾಬ್‌ರಾಯ್‌ನಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಋಷಿಕೇಶ ಬಿಟ್ಟು, ದೇವಪ್ರಯಾಗ, ಶ್ರೀನಗರ ದಾಟಿ, ಇನ್ನೇನು ರುದ್ರಪ್ರಯಾಗ ಪೇಟೆ ಬಂತು ಅನ್ನುವಾಗ ರಸ್ತೆ ಪಕ್ಕದಲ್ಲೇ ಸಿಗುವ ಜಾಗ ಇದು. ನಮ್ಮ ಟ್ಯಾಕ್ಸಿಯವರಿಗೆ ಮೊದಲೇ ಹೇಳಿಟ್ಟಿದ್ದೆವು. "ಕಾರ್ಬೆಟ್ ಸಾಹೇಬರ ಜಾಗ ತಾನೇ?" ಅಂತ ಹಿಂದಿಯಲ್ಲಿ ಕೇಳಿ ಗಾಡಿ ಬದಿಗೆ ಹಾಕಿದರು.

1926ರ ಮೇ 2ರ ರಾತ್ರಿ ಬ್ರಿಟಿಷರ ಕಾಲದ ಬೇಟೆಗಾರ ಜಿಮ್ ಕಾರ್ಬೆಟ್ ಇಲ್ಲಿದ್ದ ಮಾವಿನ ಮರದ ಮೇಲೆ ಕೂತು ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಹೊಡೆದ. ಎಂಟು ವರ್ಷಗಳಲ್ಲಿ ಅದು ಸರ್ಕಾರಿ ಲೆಕ್ಕದಲ್ಲೇ 125 ಜನರನ್ನು ಕೊಂದಿತ್ತು. ಯಾತ್ರಿಕರು ಕೇದಾರ, ಬದರಿಗೆ ನಡೆದೇ ಹೋಗುತ್ತಿದ್ದ ಕಾಲ. ಕತ್ತಲಾದರೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಇಲ್ಲಿ ಛತ್ರ ನೋಡಿಕೊಳ್ಳುತ್ತಿದ್ದ ಪಂಡಿತರ ಕುತ್ತಿಗೆಗೇ ಚಿರತೆ ಬಾಯಿ ಹಾಕಿತ್ತು. ಅವರು ಬದುಕಿದ್ದೇ ದೊಡ್ಡದು.

ದೊಡ್ಡ ಷಿಕಾರಿ ಅಂದರೆ ಗುರಿಕಾರ ಅಂತ ಜಾಸ್ತಿ ಜನ ಅಂದುಕೊಂಡಿರುತ್ತಾರೆ. ಗುರಿ ಬೇಕೇ ಬೇಕು. ಆದರೆ ಪೇಟೆಗೆ ಹೋಗಿ ಅಲಕನಂದಾ ದಡದಲ್ಲಿ ನಿಂತಾಗ ನನಗೆ ಕಾರ್ಬೆಟ್‌ನ ತಲೆ ಎಂಥದ್ದು ಅನ್ನುವುದು ಗೊತ್ತಾಯಿತು. ನೀರು ಮಣ್ಣುಬಣ್ಣ, ಮಾತು ಕೇಳಿಸದಷ್ಟು ಸದ್ದು. ಇಂಥ ಸೆಳೆತಕ್ಕೆ ಚಿರತೆ ಇಳಿಯುವುದಿಲ್ಲ, ದಾಟಿದರೆ ಸೇತುವೆ ಮೇಲೇ ದಾಟಬೇಕು ಅನ್ನುವುದು ಅವನ ಲೆಕ್ಕ. ಅದಕ್ಕೇ ಇದೇ ನದಿಯ ಮೇಲಿದ್ದ ಛಟವಾಪೀಪಲ್ ಸೇತುವೆಗೆ ರಾತ್ರಿ ಮುಳ್ಳು ಹಾಕಿಸಿದ. ರುದ್ರಪ್ರಯಾಗದ ತೂಗುಸೇತುವೆಯ ಗೋಪುರ ಹತ್ತಿ ತಾನೇ ಕಾವಲು ಕೂತ. ಕೊರೆಯುವ ಗಾಳಿ, ಮೈಗೆ ಹತ್ತುವ ಇರುವೆ. ಇಪ್ಪತ್ತು ರಾತ್ರಿ! ಆ ಸೇತುವೆ ದಾಟಿದ್ದು ಒಂದೇ ಒಂದು ನರಿ. ಇದನ್ನೆಲ್ಲ ಅವನೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ತನ್ನ ಸೋಲನ್ನು ಇಷ್ಟು ವಿವರವಾಗಿ ಹೇಳುವ ಬೇಟೆಗಾರರು ಎಷ್ಟು ಜನ ಸಿಗುತ್ತಾರೆ ಹೇಳಿ?

ಮಾವಿನ ಮರದ ಮೇಲೂ ಹತ್ತು ರಾತ್ರಿ ಸುಮ್ನೆ ಹೋದವು. ಹನ್ನೊಂದನೆಯ ರಾತ್ರಿ ಕೆಳಗೆ ಕಟ್ಟಿದ್ದ ಆಡಿನ ಕೊರಳಗಂಟೆ ಅಲುಗಿತು. ಟಾರ್ಚ್ ಹಾಕಿದ, ಈಡು ಹೊಡೆದ, ಟಾರ್ಚ್ ಆರಿಹೋಯಿತು. ಬಿತ್ತೋ ಓಡಿತೋ ತಿಳಿಯದೆ ಬೆಳಗಾಗುವವರೆಗೆ ಮರದ ಮೇಲೇ ಇದ್ದ.

ಬೆಳಕು ಹರಿದ ಮೇಲೆ ಸಿಕ್ಕಿದ್ದು ಒಂದು ಮುದಿ ಚಿರತೆ. ಮೂತಿ ನರೆತಿತ್ತು. ಮೀಸೆಯೇ ಇರಲಿಲ್ಲ. ಹಲ್ಲು ಸವೆದು ಬಣ್ಣಗೆಟ್ಟಿದ್ದವು. ಅಷ್ಟೊಂದು ರಾತ್ರಿ ನಿದ್ದೆಗೆಡಿಸಿದ ಪ್ರಾಣಿಯ ಮೇಲೆ ಅವನ ಬರಹದಲ್ಲಿ ದ್ವೇಷ ಇಲ್ಲ. ವಯಸ್ಸಾದ ಒಂದು ಜೀವವನ್ನು ನೋಡಿದ ಮರುಕ ಇದೆ. ನನ್ನ ಮಟ್ಟಿಗೆ ಅವನು ದೊಡ್ಡ ಷಿಕಾರಿ ಆಗುವುದು ಇಲ್ಲೇ. ಮುಂದೆ ಅವನ ಕೈಗೆ ಕ್ಯಾಮೆರಾ ಬಂತು, ಹುಲಿಗಳನ್ನು ಉಳಿಸಿ ಅಂತ ಹೇಳತೊಡಗಿದ. 1936ರಲ್ಲಿ ಶುರುವಾದ ರಾಷ್ಟ್ರೀಯ ಉದ್ಯಾನಕ್ಕೆ ಈಗ ಅವನದೇ ಹೆಸರು.

ನಮ್ಮ ಕಡೆಯಿಂದ ಚಾರ್‌ಧಾಮ್ ಯಾತ್ರೆಗೆ ಹೋಗುವವರು ತುಂಬ ಜನ. ಡ್ರೈವರ್‌ಗೆ ಮೊದಲೇ ಹೇಳಿ ಇಲ್ಲಿ ಹತ್ತು ನಿಮಿಷ ಇಳಿಯಿರಿ. ಕಾರ್ಬೆಟ್ ನೆನಪಿಗೆ ಹಾಕಿರುವ ಫಲಕ ಓದಿಕೊಂಡು, ಪೇಟೆ ತಲುಪಿದ ಮೇಲೆ ನದಿ ದಡಕ್ಕೂ ಹೋಗಿ ಬನ್ನಿ.