ಮಳೆಗಾಲದ ಉಡುಪಿ ಮತ್ತು 24 ತುಂಡಿನ ರಿಮ್

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಉಡುಪಿ ಸೀಮೆಯ ಚೆಂಡೆ ಮದ್ದಳೆಗಳು ಒಂದೊಂದಾಗಿ ರಿಪೇರಿಗೆ ಬರುತ್ತವೆ. ಊರು ನೋಡಲು ಹೋಗುವವರಿಗೆ ಜುಲೈ ಕಾಲವಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇಲ್ಲ, ಕಡಲಿಗೆ ಇಳಿಯಲು ಬಿಡುವುದಿಲ್ಲ. ಬ್ರಹ್ಮಾವರದಿಂದ ಬಾರ್ಕೂರಿನ ಕಡೆ ತಿರುಗಿದರೆ ಸಿಗುವ ಆಚಾರ್ರೊಬ್ಬರ ಮರಗೆಲಸದ ಕೊಟ್ಟಿಗೆಗೆ ಹೋಗುವವರಿಗೆ ಮಾತ್ರ ಇದು ಹೇಳಿ ಮಾಡಿಸಿದ ಕಾಲ. ಮಂಗಳೂರಿನ ಬಿಜೈಯ ಒಂದು ಮನೆಯಿಂದ ಬ್ಯಾಂಜೋ ಒಂದು ಅಲ್ಲಿಗೆ ಹೊರಟಿತ್ತು. ಅದರ ಜೊತೆಗೆ ನಾವು ಹೊರಟದ್ದು.

ಕರಾವಳಿಯಲ್ಲಿ ಬ್ಯಾಂಜೋ ಎಂದರೆ ಗುಂಡಿ ಒತ್ತಿ ತಂತಿ ಮೀಟುವ ಬುಲ್ಬುಲ್ ತರಂಗ್ ಎಂದೇ ಹೆಚ್ಚಿನವರ ತಿಳುವಳಿಕೆ. ಇದು ಅದಲ್ಲ. ಇದು ಅಮೆರಿಕದ ಐದು ತಂತಿಯ ವಾದ್ಯ. ಮೂಲ ಪಶ್ಚಿಮ ಆಫ್ರಿಕದ ಬುರುಡೆ ವಾದ್ಯಗಳಲ್ಲಿದೆ. 11 ಇಂಚು ಅಡ್ಡಳತೆಯ ಮರದ ಬಳೆಯೇ ರಿಮ್. ಅದರ ಮೇಲೆ ಕಂಚಿನ ಬಳೆ, ಅಂದರೆ ಟೋನ್ ರಿಂಗ್, ಅದರ ಮೇಲೆ 24 ಕೊಕ್ಕೆ ಹಾಕಿ ಬಿಗಿದ ಮುಚ್ಚಿಗೆ. ಮೊದಲು ಕರುವಿನ ಚರ್ಮ ಇರುತ್ತಿತ್ತು. 1950ರ ದಶಕದ ಕೊನೆಯಿಂದ ಪಾಲಿಯೆಸ್ಟರ್ ಹಾಳೆ ಬಂತು. ಹಾಗಾಗಿ ಮಳೆಗೆ ಮುಚ್ಚಿಗೆ ಸಡಿಲಾಗುವ ಕಾಟ ಹೋಯಿತು. ಮರದ ಕಾಟ ಹೋಗಿಲ್ಲ.

ದಾರಿಯ ಬಗ್ಗೆ ಒಂದೇ ಮಾತು, ಅದೂ ಸಿಟ್ಟಿನಿಂದ. ಮಂಗಳೂರು–ಉಡುಪಿ ಬಸ್ಸಿನಲ್ಲಿ ವಾದ್ಯದ ಪೆಟ್ಟಿಗೆಯನ್ನು ಕಂಡಕ್ಟರು ಎಷ್ಟೇ ಗದರಿದರೂ ಡಿಕ್ಕಿಗೆ ಹಾಕಲು ಬಿಡಬೇಡಿ. ಮೂಲ್ಕಿ ದಾಟುವಷ್ಟರಲ್ಲಿ ಚಕ್ರದ ನೀರು ಒಳಗೆ ಹರಿದು ಪೆಟ್ಟಿಗೆಯ ತಳದ ಮಖಮಲ್ಲು ಒದ್ದೆಯಾಗಿತ್ತು. ಹಾಗೆ ಒದ್ದೆಯಾದರೆ ವಾದ್ಯವನ್ನು ಕೂಡಲೇ ಹೊರಗೆ ತೆಗೆದು ಒಣಬಟ್ಟೆಯಲ್ಲಿ ಸುತ್ತಬೇಕು. ಪೆಟ್ಟಿಗೆಯನ್ನು ಬೇರೆಯಾಗಿ ಫ್ಯಾನಿನಡಿ ಬಿಚ್ಚಿಡಬೇಕು. ಒದ್ದೆ ಪೆಟ್ಟಿಗೆಯೊಳಗೆ ಒಂದು ರಾತ್ರಿ ಉಳಿದ ವಾದ್ಯಕ್ಕೆ ಒಂದು ವಾರದ ಮಳೆಯಷ್ಟು ಪೆಟ್ಟು ಬೀಳುತ್ತದೆ. ಎರಡು ಪ್ಲಾಸ್ಟಿಕ್ ಗೋಣಿ ಮತ್ತು ತೊಡೆಯ ಮೇಲೆ ಇಟ್ಟುಕೊಳ್ಳುವ ಹಠ, ಇವೆರಡಿದ್ದರೆ ಸಾಕು.

ಕೊಟ್ಟಿಗೆಯಲ್ಲಿ ಮೊದಲು ಬಿಚ್ಚಿ ನೋಡಿದ್ದು ಆ ವಾದ್ಯದ ಹಳೆಯ ರಿಮ್. ತೆಳು ಪದರಗಳನ್ನು ಅಂಟಿಸಿ ಮಾಡಿದ ಅಗ್ಗದ ಮಾಲು. ಬೆರಳಿಗೆ ನೇತುಹಾಕಿ ಗೆಣ್ಣಿನಿಂದ ಬಡಿದರೆ ಚೊಕ್ಕ ಸದ್ದು ಬರಬೇಕು. ಇದು ಒಂದು ಕಡೆ 'ಟಕ್' ಎಂದಿತು, ಇನ್ನೊಂದು ಕಡೆ 'ಜರ್' ಎಂದಿತು. ಜರ್ ಎಂದಲ್ಲಿ ಬ್ಲೇಡಿನ ತುದಿ ಪದರಗಳ ನಡುವೆ ಸಲೀಸಾಗಿ ಇಳಿಯಿತು. ಆಮೇಲೆ ಅಡ್ಡಳತೆಯನ್ನು ನಾಲ್ಕು ದಿಕ್ಕಿನಲ್ಲಿ ಅಳೆದದ್ದು. ಕುತ್ತಿಗೆಯ ರೇಖೆಯಲ್ಲಿ ಒಂದು ಲೆಕ್ಕ, ಅದಕ್ಕೆ ಅಡ್ಡವಾಗಿ ಇನ್ನೊಂದು; ವ್ಯತ್ಯಾಸ 2 ಮಿ.ಮೀ. ರಿಮ್ಮಿನ ಒಳಗೆ ಹಾದುಹೋಗುವ ಕಬ್ಬಿಣದ ಸರಳಿನ ನಟ್ಟು ತಿರುಗಿಸಿ ತಂತಿಯ ಎತ್ತರ ಇಳಿಸಲು ಹೋದರೆ ಹೀಗಾಗುತ್ತದೆ. ಆ ಸರಳು ಕುತ್ತಿಗೆಯನ್ನು ಹಿಡಿದಿಡಲು ಇರುವುದು. ನಟ್ಟನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಿದರೆ ಬಾಗುವುದು ರಿಮ್. ತಂತಿ ಎತ್ತರವಾಗಿದ್ದರೆ ಮುಚ್ಚಿಗೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆ ಬದಲಿಸಬೇಕು, ಇಲ್ಲವೇ ಕುತ್ತಿಗೆಯ ಬುಡ ಕೆತ್ತಬೇಕು.

ಈ ಬಳೆಗೆ ನಾದದಲ್ಲಿ ಇಷ್ಟು ಮಹತ್ವ ಯಾಕೆ? ತಂತಿಯ ಕಂಪನ ಕುದುರೆಯ ಮೂಲಕ ಮುಚ್ಚಿಗೆಗೆ ಇಳಿದು ಅಂಚಿಗೆ ಓಡುತ್ತದೆ. ಅಂಚು ಭಾರವಾಗಿ, ಅಲ್ಲಾಡದೆ ನಿಂತರೆ ಕಂಪನ ಮುಚ್ಚಿಗೆಗೇ ಮರಳುತ್ತದೆ. ಸದ್ದು ಚುರುಕಾಗುತ್ತದೆ, ಉದ್ದವಾಗುತ್ತದೆ. ಅಂಚು ಹಗುರವಾಗಿದ್ದರೆ ತಾನೂ ಕುಣಿದು ಶಕ್ತಿಯನ್ನು ತಿಂದುಹಾಕುತ್ತದೆ. ಆಗ ಸದ್ದು ಮೃದು, ಗಿಡ್ಡ, 'ಥಪ್' ಎನ್ನುವಂಥದ್ದು. ಹಳೆಯ ಶೈಲಿಯವರು ಇದನ್ನೇ ಬಯಸಿ ರಿಂಗ್ ಇಲ್ಲದ ಬರೀ ಮರದ ರಿಮ್ ಮಾಡಿಸುತ್ತಾರೆ. ಅಮೆರಿಕದ ವೇಗದ ಬ್ಲೂಗ್ರಾಸ್ ಸಂಗೀತ ನುಡಿಸುವವರಿಗೆ ಮುಚ್ಚಿಗೆ ಹೊರ ಅಂಚಿನ ಮೇಲೆ ಕೂರುವ, ಸುಮಾರು 1.3 ಕಿಲೋ ತೂಗುವ ಫ್ಲ್ಯಾಟ್‌ಹೆಡ್ ರಿಂಗೇ ಆಗಬೇಕು. ಆರ್ಚ್‌ಟಾಪ್ ರಿಂಗಿನಲ್ಲಿ ಮುಚ್ಚಿಗೆ ಒಳಗಿನ ಏಣಿನ ಮೇಲೆ ಕೂರುತ್ತದೆ. ಕಂಪಿಸುವ ಭಾಗ 11 ಇಂಚಿನಿಂದ ಸುಮಾರು ಒಂಬತ್ತೂವರೆಗೆ ಇಳಿದು ತಾರದ ಸ್ವರ ಮುಂದೆ ಬರುತ್ತದೆ, ಮಂದ್ರ ಸೊರಗುತ್ತದೆ. ಬಾಸ್ಟನ್ನಿನ ಫೇರ್‌ಬ್ಯಾಂಕ್ಸ್ ಕಾರ್ಖಾನೆಯಿಂದ 1901ರಲ್ಲಿ ವೈಟ್ ಲೇಡಿ, 1909ರಲ್ಲಿ ಟ್ಯೂಬಾಫೋನ್ ಎಂಬ ಬ್ಯಾಂಜೋಗಳು ಬಂದವು. 1920ರ ದಶಕದಲ್ಲಿ ಗಿಬ್ಸನ್ ಮಾಸ್ಟರ್‌ಟೋನ್ ಬಂತು. ಎಲ್ಲರೂ ಹುಡುಕುತ್ತಿದ್ದದ್ದು ಮರ ಎಷ್ಟು, ಲೋಹ ಎಷ್ಟು ಎಂಬ ಪಾಕವನ್ನೇ. ಅಲ್ಯೂಮಿನಿಯಂ ಎರಕದ ಒಂದೇ ತುಂಡಿನ ರಿಮ್ಮುಗಳೂ ಬಂದವು. ಗಟ್ಟಿ ಸದ್ದು, ಅಗ್ಗದ ಬೆಲೆ, ಕಿವಿಗೆ ತಗಡು. ಕಲಿಯುವವರಿಗೆ ಸಾಕು ಎನ್ನುವವರಿದ್ದಾರೆ. ನಮ್ಮ ಮಟ್ಟಿಗೆ ಕಲಿಯುವವರಿಗೂ ಬೇಡ.

ಕೊಟ್ಟಿಗೆಯಲ್ಲಿ ಇನ್ನೆರಡು ರಿಮ್ ಇದ್ದವು. ಒಂದು ಬಿಜೈ ಮನೆಯವರದ್ದೇ, ಹೊರದೇಶದಿಂದ ತರಿಸಿದ ಮೂರು ಪದರದ ಮೇಪಲ್. ಇನ್ನೊಂದು ಇಲ್ಲೇ ತುಂಡು ಜೋಡಿಸಿ ಮಾಡಿದ ಹಲಸಿನದು. ಆ ಹಲಸಿನ ರಿಮ್ಮಿನ ಕುರಿತ ಮಾತು ಅರ್ಧ ದಿನ ತಿಂದಿತು.

"ಇಷ್ಟು ತುಂಡು ಸೇರಿಸುವುದು ಯಾಕೆ ಆಚಾರ್ರೆ? ಮದ್ದಳೆ ತೋಡಿದ ಹಾಗೆ ಒಂದೇ ದಿಮ್ಮಿಯಲ್ಲಿ ತೋಡಬಹುದಲ್ಲ?"

"ತೋಡ್ಬಹುದು. ಆದ್ರೆ ನಿಮ್ಮ ಕಂಚಿನ ಬಳೆ ಕೂರ್ಲಿಕ್ಕಿಲ್ಲ. ಮದ್ದಳೆಯ ಬಾಯಿ ಒಂದು ನೂಲು ಅತ್ತಿತ್ತ ಆದ್ರೆ ನಾವು ಬಾರು ಎಳೆದು ಸರಿ ಮಾಡ್ತೇವೆ. ಕಂಚಿಗೆ ಬಾರು ಉಂಟಾ ಮಾರಾಯ್ರೆ?"

ಇದರ ಹಿಂದಿರುವ ಲೆಕ್ಕ ಸರಳ. ಮರ ತೇವ ಕುಡಿದರೆ ಎಳೆಯ ಅಡ್ಡಕ್ಕೆ ಉಬ್ಬುತ್ತದೆ, ಎಳೆಯ ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ. ದಿಮ್ಮಿಯಿಂದ ತೋಡಿದ ಬಳೆಯಲ್ಲಿ ಎಳೆ ಮೇಲಿಂದ ಕೆಳಕ್ಕೆ ನಿಂತಿರುತ್ತದೆ. ಉಬ್ಬು ಪೂರ್ತಿ ಸುತ್ತಳತೆಗೆ ಬೀಳುತ್ತದೆ. ನಿಲುವು ಪಟ್ಟಿಗಳನ್ನು ಜೋಡಿಸಿ ಮಾಡುವ ಪೀಪಾಯಿ ಬಗೆಯ ರಿಮ್ಮಿಗೂ ಇದೇ ಗತಿ. ಮೇಪಲ್ ಲೆಕ್ಕ ಹಿಡಿದರೆ, ಮರದ ತೇವ ಶೇ. 4ರಷ್ಟು ಏರಿದರೆ 280 ಮಿ.ಮೀ. ಅಡ್ಡಳತೆ 2ರಿಂದ 4 ಮಿ.ಮೀ.ವರೆಗೆ ಹಿಗ್ಗುತ್ತದೆ. ಬಾಗಿಸಿದ ಪದರದ ರಿಮ್ಮಿನಲ್ಲಿ ಎಳೆ ಸುತ್ತಲೂ ಓಡುತ್ತದೆ. ತುಂಡು ಜೋಡಿಸಿದ್ದರಲ್ಲಿಯೂ ಹೆಚ್ಚು ಕಡಿಮೆ ಹಾಗೆಯೇ. ಸುತ್ತಳತೆ ಅಲ್ಲಾಡುವುದಿಲ್ಲ, ಹಿಗ್ಗುವುದು 19 ಮಿ.ಮೀ. ದಪ್ಪ ಮಾತ್ರ, ಅದೂ ಒಂದು ಮಿ.ಮೀ.ಯ ಹತ್ತರಲ್ಲಿ ಎರಡು ಮೂರು ಪಾಲು. ಒಣ ಊರಿನಲ್ಲಿ ಶೇ. 9ರ ಹತ್ತಿರ ಇರುವ ಮರದ ತೇವ ಈ ಮಳೆಯಲ್ಲಿ ಶೇ. 18ಕ್ಕೆ ಹೋಗಿ ನಿಲ್ಲುವ ಜಾಗ ಇದು. ಇಲ್ಲಿ ಎರಡು ಮೂರು ಪಾಲೂ ಕಡಿಮೆಯಲ್ಲ.

ತುಂಡಿನ ರಿಮ್ ಮಾಡುವ ಕ್ರಮವನ್ನು ಬೆಂಚಿನ ಮೇಲಿದ್ದ ಇನ್ನೊಂದು ಜೋಡಣೆಯಲ್ಲಿ ತೋರಿಸಿದರು. ಒಂದು ಸಾಲಿಗೆ 8 ತುಂಡು, ಮೂರು ಸಾಲು, ಒಟ್ಟು 24. ಪ್ರತಿ ತುಂಡು ಹೊರಬದಿಯಲ್ಲಿ 120 ಮಿ.ಮೀ. ಉದ್ದ, 35 ಅಗಲ, 26 ದಪ್ಪ. ಎರಡೂ ತುದಿಗೆ 22.5 ಡಿಗ್ರಿಯ ಓರೆ. ಕೆಲಸ ಕೆಡುವುದು ಈ ಓರೆಯಲ್ಲೇ. ಒಂದೊಂದು ಕೊಯ್ತದಲ್ಲಿ ಕಾಲು ಡಿಗ್ರಿ ತಪ್ಪಿದರೆ ಹದಿನಾರು ಮುಖಕ್ಕೆ 4 ಡಿಗ್ರಿ, ಕೊನೆಯ ಸಂದು ಬಾಯಿ ಬಿಡುತ್ತದೆ. ಅದನ್ನು ಕ್ಲಾಂಪಿನಿಂದ ಎಳೆದು ಮುಚ್ಚಿದರೆ ಆ ದಿನಕ್ಕೆ ಮುಚ್ಚುತ್ತದೆ, ಆದರೆ ರಿಮ್ ಒಳಗೇ ಬಿಗಿದುಕೊಂಡಿರುತ್ತದೆ. ಲೇತಿನಲ್ಲಿ ಕಡೆದ ಮೇಲೆ ಒಂದು ದಿನ ಬಿರಿಯುತ್ತದೆ. ಅದಕ್ಕೆ ಆಚಾರ್ರು ನಾಲ್ಕು ನಾಲ್ಕು ತುಂಡಿನ ಎರಡು ಅರ್ಧಬಳೆ ಮಾಡಿ, ಅಂಟು ಒಣಗಿದ ಮೇಲೆ ಅವುಗಳ ತುದಿಗಳನ್ನು ಗಾಜಿನ ಮೇಲೆ ಅಂಟಿಸಿದ ಪಾಲಿಶ್ ಪೇಪರಿನಲ್ಲಿ ಉಜ್ಜಿ ಸಪಾಟು ಮಾಡಿ, ಆಮೇಲೆ ಎರಡನ್ನೂ ಕೂಡಿಸುತ್ತಾರೆ. ತಪ್ಪಿದ ಡಿಗ್ರಿಯೆಲ್ಲ ಆ ಉಜ್ಜಿನಲ್ಲೇ ಹೋಗುತ್ತದೆ. ಬಿಗಿಯಲು ಸೈಕಲ್ ಟ್ಯೂಬು ಸೀಳಿದ ಪಟ್ಟಿ. ಮೇಲಿನ ಸಾಲನ್ನು ಅರ್ಧ ತುಂಡಿನಷ್ಟು ಸರಿಸಿ, ಇಟ್ಟಿಗೆ ಗೋಡೆಯಂತೆ ಸಂದು ತಪ್ಪಿಸಿ ಕೂರಿಸುತ್ತಾರೆ. ತುಂಡಿನ ತುದಿಗಳು ಅಂಟನ್ನು ಹೀರಿಬಿಡುವುದರಿಂದ ಆ ಕೂಡಿಕೆ ತಾನಾಗಿ ಬಲವಿಲ್ಲದ್ದು. ಹಿಡಿದಿಡುವುದು ಮೇಲಿನ ಕೆಳಗಿನ ಸಾಲಿನ ಮಟ್ಟಸ ಮುಖ. ತುದಿಗೆ ಮೊದಲು ತೆಳು ಅಂಟು ಒಂದು ಕೈ ಹಚ್ಚಿ, ಹೀರಿದ ಮೇಲೆ ಇನ್ನೊಂದು ಕೈ. ಸಾಮಾನ್ಯ ಬಿಳಿ ಅಂಟು ಕಾಯಂ ಒತ್ತಡದಲ್ಲಿ, ಸೆಕೆಯಲ್ಲಿ ನಿಧಾನವಾಗಿ ಜಾರುತ್ತದೆ. 24 ಕೊಕ್ಕೆಯ ಎಳೆತ ಹಗಲಿರುಳು ಇರುವ ಜಾಗಕ್ಕೆ ಎಪಾಕ್ಸಿಯೇ ಮೇಲು.

ಅಂಟಿಸಿದ್ದಾದ ಮೇಲೆ ಲೇತಿನಲ್ಲಿ ಒರಟಾಗಿ ಕಡೆದು, ಅಳತೆಗಿಂತ 3 ಮಿ.ಮೀ. ಹೆಚ್ಚು ಬಿಟ್ಟು ಅಟ್ಟಕ್ಕೆ ಏರಿಸುತ್ತಾರೆ. ಕೊನೆಯ ಕಡೆತ ದೀಪಾವಳಿ ಕಳೆದ ಮೇಲೆಯೇ. "ಆಟಿಯಲ್ಲಿ ಕಡೆದದ್ದು ಮಾಯಿಯಲ್ಲಿ ಸಡಿಲ, ಮಾಯಿಯಲ್ಲಿ ಕಡೆದದ್ದು ಆಟಿಯಲ್ಲಿ ಬಿಗಿ. ಬಿಗಿಗೆ ಎಷ್ಟು ಜಾಗ ಇಡ್ಬೇಕು ಅಂತ ಗೊತ್ತಿದ್ರೆ ಆಯ್ತು," ಎಂದರು. ತುಳುವರಿಗೆ ಆಟಿ ಮಳೆಯ ತಿಂಗಳು, ಮಾಯಿ ಒಣ ತಿಂಗಳು.

ಆ ಮಾತಿನ ಅರ್ಥ ಮಧ್ಯಾಹ್ನ ಆಯಿತು. ಟೋನ್ ರಿಂಗನ್ನು ಹಲಸಿನ ರಿಮ್ಮಿಗೆ ಇಟ್ಟರೆ ಅಂಗೈ ಒತ್ತಿಗೆ ಸುತ್ತಲೂ ಒಂದೇ ಸಮ ಕೂತಿತು. ಸುತ್ತಿಗೆ ಬೇಡ, ಅಲುಗಾಟವೂ ಇಲ್ಲ. ಮೇಪಲ್ ರಿಮ್ಮಿಗೆ ಅಷ್ಟೇ ಅಳತೆಯ ಇನ್ನೊಂದು ರಿಂಗ್ ಮೊದಲೇ ಕೂತಿತ್ತು. ಅದು ಮಾತ್ರ ಕಚ್ಚಿಕೊಂಡು ಬರಲೊಲ್ಲದು. ಎರಡಕ್ಕೂ ಒಂದೇ ಬಗೆಯ ಮುಚ್ಚಿಗೆ ಬಿಗಿದು, ಬೆರಳಿನಿಂದ ಬಡಿದರೆ ಎರಡರಲ್ಲೂ ಒಂದೇ ಶ್ರುತಿ ಬರುವಂತೆ ಹೊಂದಿಸಿ, ಅದೇ ಕುತ್ತಿಗೆ, ಅದೇ ಕುದುರೆ ಹಾಕಿ ನುಡಿಸಿದ್ದಾಯಿತು. ಹಲಸು ತುಂಬುಗಂಟಲಿನಲ್ಲಿ ಉಲಿಯಿತು. ಹೆಸರಾಂತ ಮೇಪಲ್ ಸದ್ದು ಹುಟ್ಟಿದಲ್ಲೇ ಸತ್ತಿತು. ಮೂರನೆಯ ತಂತಿಯಂತೂ ಎರಡು ಎಣಿಸುವುದರೊಳಗೆ ಮೌನ. ಊರಿನ ಮರ ಗೆದ್ದಿತೆಂದು ನಮ್ಮಲ್ಲೊಬ್ಬರು ಹಿಗ್ಗಿದರು.

ಆಚಾರ್ರು ಒಪ್ಪಲಿಲ್ಲ. "ಮರದ್ದಲ್ಲ ಅದು. ಕುತ್ತಿಗೆ ಹಿಸುಕಿದ್ರೆ ಯಾರು ಹಾಡ್ತಾರೆ?"

ಮೇಪಲ್ ರಿಮ್ ರಿಂಗ್ ಸಮೇತ 60 ವಾಟಿನ ಬಲ್ಬು ಉರಿಯುವ ತಗಡಿನ ಪೆಟ್ಟಿಗೆಯೊಳಗೆ ಹೋಯಿತು. ಬಲ್ಬಿನಿಂದ ಎರಡು ಗೇಣು ದೂರ. ಹತ್ತಿರ ಇಟ್ಟರೆ ಒಂದೇ ಬದಿ ಒಣಗಿ ಪದರ ಬಿಡುತ್ತದೆ. ಒಣಗುವ ದಿನಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ರಥಬೀದಿ, ಮಠ, ಮಣಿಪಾಲದ ಏರು, ಎಲ್ಲ ಕೊಡೆಯಡಿಯಿಂದ ಕಂಡದ್ದು. ಗಡ್‌ಬಡ್ ಐಸ್‌ಕ್ರೀಮ್ ತಿನ್ನಲೇಬೇಕೆಂದು ಎಲ್ಲರೂ ಹೇಳುತ್ತಾರೆ; ಜೆಲ್ಲಿಯ ಆ ರಾಶಿಗಿಂತ ಬ್ರಹ್ಮಾವರದಲ್ಲಿ ಸಿಕ್ಕ ಬಿಸಿ ಬನ್ಸೇ ವಾಸಿ.

ರಿಂಗ್ ಕೊನೆಗೆ ಕೈಯಲ್ಲೇ ಬಂತು. ರಿಮ್ಮಿನಲ್ಲಿ ಅದು ಕೂರುವ ಮೆಟ್ಟಿಲಿನ ಮರಕ್ಕೆ ಪಾಲಿಶ್ ಇರಲಿಲ್ಲ. ಹೊರಗೆಲ್ಲ ಹೊಳಪು, ಬೇಕಾದ ಜಾಗ ಬೋಳು. ಹೆಚ್ಚಿನ ರಿಮ್ಮುಗಳಲ್ಲಿ ಹೀಗೆಯೇ, ನೀರು ಕುಡಿಯುವುದು ಅಲ್ಲಿಂದ. ರಿಂಗಿನ ಒಳಬದಿ ಕಚ್ಚುವ ಜಾಗ ನೋಡಲು ಮೆಟ್ಟಿಲಿಗೆ ಪೆನ್ಸಿಲ್ ಗೀಚಿ, ರಿಂಗ್ ಇಟ್ಟು ಒಂದು ಸುತ್ತು ತಿರುಗಿಸಿ ತೆಗೆದರು. ಪೆನ್ಸಿಲ್ ಅಳಿಸಿದಲ್ಲಿ ಮಾತ್ರ ಗಾಜಿನ ಚೂರಿನಿಂದ ಹೆರೆದರು. ಹೀಗೆ ನಾಲ್ಕೈದು ಸಲ. ಪಾಲಿಶ್ ಪೇಪರ್ ಸುತ್ತಿ ಉಜ್ಜಿದರೆ ಬೇಗ ಮುಗಿಯುತ್ತದೆ, ಆದರೆ ಸರಿ ಇದ್ದ ಜಾಗವೂ ಸವೆದು ರಿಂಗ್ ಒಂದು ಬದಿಗೆ ಓಲಾಡುತ್ತದೆ. ಆಮೇಲೆ ಚಳಿಗಾಲದಲ್ಲಿ ಗಿರ್ ಎನ್ನುವ ಸದ್ದು ಹುಡುಕಿ ಸುಸ್ತಾಗಬೇಕು. ಕೊನೆಗೆ ಅರಗಿನ ಪಾಲಿಶ್ ತೆಳುವಾಗಿ ಎರಡು ಕೈ. ದಪ್ಪ ಹಚ್ಚಿದರೆ ಹೆರೆದದ್ದು ವ್ಯರ್ಥ.

ಮತ್ತೆ ಕಟ್ಟಿ ನುಡಿಸಿದಾಗ ಮೇಪಲ್ ಬೇರೆಯೇ ವಾದ್ಯ. ಎರಡನ್ನೂ ಬೆನ್ನು ತಿರುಗಿಸಿ ಕೇಳಿದರೆ ವ್ಯತ್ಯಾಸ ಇತ್ತು, ಆದರೆ ಕೂದಲೆಳೆಯಷ್ಟು. ಮೇಪಲ್‌ನಲ್ಲಿ ಮೀಟಿದ ಮೊದಲ ಪೆಟ್ಟು ಚೂಪು, ಮೇಲಿನ ಸ್ವರಗಳು ಬಿಡಿಬಿಡಿ. ಅದಕ್ಕಿಂತ ಹಗುರವಾದ ಹಲಸಿನಲ್ಲಿ ನಾಲ್ಕನೆಯ ತಂತಿ ಗುಂಡಗೆ, ಕೊನೆ ಸ್ವಲ್ಪ ಬೇಗ. ವೇಗದ ನುಡಿಸಾಣಿಕೆಗೆ ಮೇಪಲ್, ಹಾಡಿನ ಜೊತೆಗೆ ಹಲಸು. ಅಂಗಡಿಗಳು ಮರದ ಹೆಸರಿಗೆ ಕೇಳುವ ದುಡ್ಡಿಗೆ ತಕ್ಕ ಅಂತರ ಅಲ್ಲಿ ಇರಲಿಲ್ಲ. ರಿಂಗ್ ಕೂತ ರೀತಿ ಮಾಡಿದ ಅಂತರ ಅದರ ಹತ್ತು ಪಾಲು.

ಬಿಜೈಗೆ ಹೊರಟದ್ದು ಹಲಸಿನ ರಿಮ್ಮಿನ ವಾದ್ಯ. ಮೇಪಲ್ ಅಲ್ಲೇ ಉಳಿಯಿತು. ಕಾರ್ತಿಕ ಮಾಸದಲ್ಲಿ ಇನ್ನೊಮ್ಮೆ ರಿಂಗ್ ಇಟ್ಟು ನೋಡಿ, ಸಡಿಲ ಇದ್ದರೆ ಮೆಟ್ಟಿಲಿಗೆ ಮತ್ತೊಂದು ಕೈ ಅರಗು ಹಚ್ಚಿ ಕಳಿಸುತ್ತಾರಂತೆ. ಕೂಲಿ ಕೇಳಿದ್ದಕ್ಕೆ, "ಆಗಲೇ ಕೊಡಿ, ಕೂತಿದೆಯಾ ಇಲ್ವಾ ಅಂತ ಈಗ ಯಾರಿಗೆ ಗೊತ್ತು," ಎಂದರು. ಬಸ್ಸಿನಲ್ಲಿ ಪೆಟ್ಟಿಗೆ ಈ ಸಲ ತೊಡೆಯ ಮೇಲೆ; ಎರಡು ಸೀಟಿನ ಟಿಕೇಟು ಹರಿಸಬೇಕಾಯಿತು.