ವ್ಯಾಕ್ಸ್ ಅಂದ್ರೆ ಬರೀ ಮೇಣ ಅಲ್ಲ

ಇಂಗ್ಲಿಷಲ್ಲಿ ಬೀಸ್‌ವ್ಯಾಕ್ಸ್ ಅಂದ್ರೆ ಜೇನುಮೇಣ ಮಾತ್ರ, ಕೆಲಸಗಾರ ಜೇನಿನ ಹೊಟ್ಟೆ ಕೆಳಗಿಂದ ತೆಳ್ಳಗೆ ಗಾಜಿನ ಚೂರಿನ ಥರ ಬರುತ್ತೆ, ಅದನ್ನ ಹುಳ ಜಗಿದು ಜಗಿದು ಮೆದು ಮಾಡಿ ಆರು ಮೂಲೆ ಗೂಡು ಕಟ್ಟುತ್ತೆ, ಎಷ್ಟು ಚೆಂದ ಅಲ್ವಾ! ಬರೀ ವ್ಯಾಕ್ಸ್ ಅಂದ್ರೆ ಯಾವ ಮೇಣನೂ ಆಗ್ಬಹುದು, ಪೆಟ್ರೋಲಿಯಂನಿಂದ ಬರೋ ಪ್ಯಾರಾಫಿನ್, ಕಿವಿ ಗುಗ್ಗೆ ಕೂಡ.

ಆದ್ರೆ ನಂಗೆ ತುಂಬಾ ಇಷ್ಟ ಆಗಿದ್ದು ಚಂದ್ರನ ವ್ಯಾಕ್ಸಿಂಗ್. ಅದು ನಮ್ಮ ಶುಕ್ಲಪಕ್ಷ, ಅಲ್ಲಿ ವ್ಯಾಕ್ಸ್ ಅಂದ್ರೆ ಬೆಳೆಯೋದು, ಹಳೇ ಇಂಗ್ಲಿಷಲ್ಲೇ ಮೇಣಕ್ಕೆ ವೆಯಾಕ್ಸ್, ಬೆಳೆಯೋದಕ್ಕೆ ವೆಯಾಕ್ಸನ್ ಅಂತ ಬೇರೆಬೇರೆ ಪದ ಇತ್ತು, ಈಗ ಎರಡೂ ಒಂದೇ ಸ್ಪೆಲ್ಲಿಂಗ್.

ಇನ್ನು 'ನನ್ ಆಫ್ ಯುವರ್ ಬೀಸ್‌ವ್ಯಾಕ್ಸ್' ಅಂದ್ರೆ ನಿಂಗ್ಯಾಕೆ ಆ ಉಸಾಬರಿ ಅಂತ, ಬಿಸಿನೆಸ್ ಅನ್ನೋ ಜಾಗದಲ್ಲಿ ಹತ್ತಿರದ ಸದ್ದಿನ ಪದ ಹಾಕಿದ್ದಾರೆ ಅಷ್ಟೇ.